ರಾತ್ರಿ ಊಟದ ಮೇಲೆ ಯುದ್ಧದ ಚಿತ್ರ ಬೇಡ

ಮಗಳೇ, ಅಪ್ಪನ ಜೊತೆ ಕೂತು ಯುದ್ಧದ ಚಿತ್ರ ನೋಡಿದ ಮೇಲೆ ಮಗ ಎರಡು ರಾತ್ರಿಯಿಂದ ಬೆಚ್ಚಿ ಏಳುತ್ತಿದ್ದಾನೆ, ಅವನಿಗೆ ಭಕ್ತಿಚಿತ್ರ ತೋರಿಸಿದರೆ ಸರಿಹೋದೀತೇ ಎಂದು ನೀನು ಕೇಳಿದ್ದನ್ನು ಈಗಷ್ಟೇ ನೋಡಿದೆ. ರಾತ್ರಿ ಊಟದ ಮೇಲೆ ಯುದ್ಧದ ಚಿತ್ರ ಹಾಕಲೇಬೇಡಿ.

ನಮ್ಮ ಹಾಸನದ ಅಣ್ಣನನ್ನು ನೀವೆಲ್ಲರೂ ಬಲ್ಲಿರಿ. 1997ರಲ್ಲಿ ‘ಬಾರ್ಡರ್’ ಬಂದಾಗ, 1971ರ ಯುದ್ಧದಲ್ಲಿ ಇವನೂ ರಾಜಸ್ಥಾನದ ಮರಳುಗಾಡಿನಲ್ಲೇ ಇದ್ದವನಲ್ಲವೇ, ಲೋಂಗೇವಾಲಾದ ಕಥೆಯನ್ನು ನೋಡಿ ಹೆಮ್ಮೆಪಡುತ್ತಾನೆ ಎಂದುಕೊಂಡು ನಾನೇ ಹಟ ಹಿಡಿದು ರಾತ್ರಿಯ ಎರಡನೇ ಆಟಕ್ಕೆ ಕರೆದೊಯ್ದೆ. ಸುಮಾರು 120 ಯೋಧರು ರಾತ್ರಿಯಿಡೀ ಟ್ಯಾಂಕುಗಳನ್ನು ತಡೆದು ನಿಲ್ಲುವ ಕದನ ಇನ್ನೂ ಬಂದಿರಲಿಲ್ಲ. ಊರಿನಿಂದ ಬಂದ ಕಾಗದಗಳನ್ನು ಹಿಡಿದು ಅವರು ಹಾಡುವಾಗಲೇ ಅಣ್ಣ ಎದ್ದು ಹೊರಗೆ ನಡೆದ. ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದ, ಕೈ ನಡುಗುತ್ತಿತ್ತು. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ಗುಂಡಿನ ಸದ್ದಿಗೆ ಹೆದರಿದನೆಂದೇ ಮನೆಯವರೆಲ್ಲ ತಿಳಿದೆವು. ಜೊತೆಯವನು ತೀರಿಕೊಂಡ ಮಾರನೆಯ ದಿನ ಅವನ ಹೆಸರಿಗೆ ಬಂದ ಕಾಗದ ತನ್ನ ಕೈಗೆ ಸಿಕ್ಕಿತ್ತೆಂದು ಅವನು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಬಂದೂಕು ಹಿಡಿದವನ ಪಾಡೇ ಹೀಗಾದರೆ ಒಂಬತ್ತು ವರ್ಷದ ಕೂಸಿನ ಗತಿಯೇನು? ಇನ್ನೊಮ್ಮೆ ಹೇಳುತ್ತೇನೆ, ರಾತ್ರಿ ಊಟದ ಮೇಲೆ ಯುದ್ಧದ ಚಿತ್ರ ಬೇಡ.

ಭಕ್ತಿಚಿತ್ರದ ನೆನಪು ನಿಮಗೆಲ್ಲ ಇಂಥ ಹೊತ್ತಿನಲ್ಲಿ ಮಾತ್ರ ಬರುತ್ತದೆ ಎಂಬುದು ನನ್ನ ನೋವು. ಭಾನುವಾರ ನಾನು ‘ಮಂತ್ರಾಲಯ ಮಹಾತ್ಮೆ’ ಹಾಕಿದರೆ, ಎಷ್ಟು ನಿಧಾನ ದೊಡ್ಡಮ್ಮ ಎಂದು ಕೈಯಿಂದ ರಿಮೋಟ್ ಕಿತ್ತುಕೊಳ್ಳುತ್ತಾರೆ. 1966ರ ಚಿತ್ರ ಅದು. ರಾಯರಾಗಿ ರಾಜ್‌ಕುಮಾರ್ ಸಶರೀರವಾಗಿ ಬೃಂದಾವನ ಪ್ರವೇಶಿಸುವಾಗ ನನಗೆ ಇಂದಿಗೂ ಅಳು ಬರುತ್ತದೆ, ಆದರೆ ಅತ್ತ ಮೇಲೆ ನಿದ್ದೆಯೂ ಚೆನ್ನಾಗಿ ಬರುತ್ತದೆ. ಆ ನಿಧಾನವೇ ನನಗೆ ಬೇಕಾದದ್ದು ಎಂದರೆ ಯಾರೂ ಕೇಳುವುದಿಲ್ಲ.

ನೀನು ಕೇಳಿದ್ದನ್ನೇ ಮರೆಯುತ್ತಿದ್ದೆ. ಯಾವ ದೃಶ್ಯ ಕಣ್ಣಿಗೆ ಕಟ್ಟಿದೆಯೆಂದು ಹಗಲು ಹೊತ್ತಿನಲ್ಲಿ, ತಲೆ ಸವರುತ್ತಾ ಮಗುವನ್ನು ಕೇಳು. ಟ್ಯಾಂಕು, ಬಾಂಬು ಎಂದು ನೀನೇ ಊಹಿಸಬೇಡ, ನಾವು ಅಣ್ಣನ ವಿಷಯದಲ್ಲಿ ಹಾಗೆ ಊಹಿಸಿಯೇ ಕೆಟ್ಟೆವು. ಭಕ್ತಿಚಿತ್ರವೆಂದು ‘ಭಕ್ತ ಕುಂಬಾರ’ವನ್ನು ಮಾತ್ರ ಈಗ ಹಾಕಬೇಡ, ಗೋರನು ಮೈಮರೆತು ತುಳಿಯುವ ಮಣ್ಣಿನಲ್ಲಿ ಅವನ ಕಂದನೇ ಸಿಲುಕುವ ದೃಶ್ಯ ಅದರಲ್ಲಿದೆ. ‘ಮಂತ್ರಾಲಯ ಮಹಾತ್ಮೆ’ಯನ್ನೇ ಹಾಕು, ಮಧ್ಯಾಹ್ನದ ಹೊತ್ತಿಗೆ ಹಾಕು, ಅವರಪ್ಪನನ್ನೂ ಪಕ್ಕದಲ್ಲಿ ಕೂರಿಸು.