ಬಸವನಗುಡಿಲಿ ಹಳೇ ಮನೆ ಜಾಗದಲ್ಲಿ ಹೊಸ ಮನೆ, ಕಟ್ಟಿಸಿದವರು ಸ್ವಲ್ಪ ಹೇಳಿ

ತಾತನ ಕಾಲದ ಮನೆ, ಮದ್ರಾಸ್ ಟೆರೇಸ್ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ತಾರಸಿ), ಗೋಡೆಯೆಲ್ಲ ತೇವ. ಕೆಡವಿ ನಮಗೊಂದು ತಮ್ಮನಿಗೊಂದು ಮನೆ ಕಟ್ಟೋಣ ಅಂತಿದೀವಿ. ಆರ್ಕಿಟೆಕ್ಟ್ ತೋರಿಸಿದ್ದು ಪೂರ್ತಿ ಗ್ಲಾಸ್ ಎಲಿವೇಶನ್, ಅಮ್ಮನಿಗೆ ಬೀದಿಗೆ ಒಪ್ಪೋ ಥರ ಬೇಕು. ಏನು ಮಾಡ್ಬೋದು?

———

ಸರ್, ನಾವು ಮಲ್ಲೇಶ್ವರದಲ್ಲಿ ಕಟ್ಟಿಸಿದ್ವಿ. ಗ್ಲಾಸು ಆಮೇಲೆ ನೋಡೋಣ, ಮೊದ್ಲು ಸ್ಟಿಲ್ಟ್ ಪಾರ್ಕಿಂಗ್ ಬೇಕಾ ಅಂತ ತೀರ್ಮಾನ ಮಾಡಿ. ಪಾರ್ಕಿಂಗ್ ಜಾಗ ಎಫ್‌ಎಆರ್ (ಸೈಟ್ ಅಳತೆಗೆ ಒಟ್ಟು ಎಷ್ಟು ಕಟ್ಬೋದು ಅನ್ನೋ ಮಿತಿ) ಲೆಕ್ಕಕ್ಕೆ ಬರಲ್ಲ ಅಂತ ಎಲ್ರೂ ಅದನ್ನೇ ಹೇಳ್ತಾರೆ, ಆದ್ರೆ ಒಂದ್ಸಲ ಕೆಳಗೆ ಬರೀ ಕಂಬ ಮತ್ತೆ ಕಾರು ಆಯ್ತು ಅಂದ್ರೆ ಮೇಲೆ ಎಂಥ ಹೆಂಚು ಹಾಕಿದ್ರೂ ಬೀದಿಗೆ ಅದು ಶೆಡ್ಡೇ. ನಾವು ಕಾರನ್ನ ಪಕ್ಕದ ಸೆಟ್‌ಬ್ಯಾಕಲ್ಲಿ, ಅಂದ್ರೆ ಕಾಂಪೌಂಡಿಗೂ ಮನೆಗೂ ನಡುವೆ ಬಿಡೋ ಜಾಗದಲ್ಲಿ, ನಿಲ್ಲಿಸೋ ಹಾಗೆ ಮಾಡಿ ಮುಂದೆ ವರಾಂಡ, ಜಗಲಿ ಉಳಿಸ್ಕೊಂಡ್ವಿ, ಕಾಂಪೌಂಡ್ ಎದೆಮಟ್ಟ ಅಷ್ಟೇ, ಮೇಲಿನ ಫ್ಲೋರನ್ನ ಹಿಂದಕ್ಕೆ ಸರಿಸಿದೀವಿ, ರಸ್ತೆಯಿಂದ ಒಂದಂತಸ್ತಿನ ಮನೆ ಥರಾನೇ ಕಾಣುತ್ತೆ. ಈ ಎರಡೂ ಬಡಾವಣೆ 1890ರ ದಶಕದಲ್ಲಿ, ಪ್ಲೇಗ್ ಬಂದ ಹೊತ್ತಲ್ಲಿ, ಪೇಟೆ ಇಕ್ಕಟ್ಟು ತಪ್ಪಲಿ ಗಾಳಿ ಬೆಳಕು ಸಿಗಲಿ ಅಂತ ಬೆಳೆಸಿದ್ದು, ಸುತ್ತ ಬಿಟ್ಟಿರೋ ಜಾಗಾನೇ ಇಲ್ಲಿನ ಅಂದ.

ಮಂಕಿ ಟಾಪ್ (ಹಳೇ ಬೆಂಗಳೂರು ಮನೆಗಳ ಕಿಟಕಿ ಮೇಲಿರೋ ಚೂಪು ತಲೆಯ ಮರದ ಪಟ್ಟಿ ಮಾಡು) ಹಾಕ್ಸೋಣ ಅಂತ ಯಾರಾದ್ರೂ ಫೈಬರ್‌ದು ತೋರಿಸಿದ್ರೆ ಬೇಡ ಅನ್ನಿ, ಮದುವೆ ಮಂಟಪದ ಸೆಟ್ ಥರ ಇರುತ್ತೆ. ಕಿಟಕಿಗೆ ಮಳೆ ಬಿಸಿಲು ಹೊಡೀಬಾರ್ದು, ಗಾಳಿ ಮಾತ್ರ ಬರ್ಬೇಕು, ಅದ್ರ ಕೆಲಸ ಅಷ್ಟೇ. ಎರಡೂವರೆ ಅಡಿ ಸಜ್ಜಾ, ಕೆಳಗೆ ಮರದ ಪಟ್ಟಿ, ಸಾಕು.

ಇನ್ನೊಂದು, ಡೆಮಾಲಿಷನ್‌ನೋರ ಹತ್ರ ಅಗ್ರಿಮೆಂಟಲ್ಲೇ ಬಾಗಿಲು, ಕಿಟಕಿ, ತೊಲೆ ನಮ್ದು ಅಂತ ಬರೆಸ್ಕೊಳ್ಳಿ, ಇಲ್ದಿದ್ರೆ ಅವ್ರೇ ತಗೊಂಡ್ಹೋಗ್ತಾರೆ, ಅವ್ರಿಗೆ ಲಾಭ ಇರೋದೇ ಅದ್ರಲ್ಲಿ. ತೇಗದ ತೊಲೆ ಸೀಳಿಸೋಕ್ಮುಂಚೆ ಮೊಳೆ ಒಂದೊಂದಾಗಿ ಕೀಳಿಸ್ಬೇಕು, ಒಳಗೆ ಒಂದು ಉಳಿದ್ರೂ ಬ್ಲೇಡ್ ಹಾಳು, ಅದಕ್ಕೇ ಎಷ್ಟೋ ಸಾಮಿಲ್‌ನೋರು ಹಳೇ ಮರ ಅಂದ್ರೆ ಮುಟ್ಟಲ್ಲ. ನಮ್ಮ ಬಡಗಿ ಅಯಸ್ಕಾಂತ ಹಿಡ್ಕೊಂಡು ತೊಲೆ ಉದ್ದಕ್ಕೂ ಸವರ್ತಾ ಕೂತಿದ್ರು. ಈಗ ಅದೇ ಮರ ನಮ್ಮ ಮೆಟ್ಟಿಲು.

———

ರೆಡ್ ಆಕ್ಸೈಡ್ ನೆಲ ಹಾಕ್ಸೋದಾದ್ರೆ ಒಂದು ರೂಮಿನ ಮೇಲ್ಪದರ ಒಂದೇ ದಿನ ಮುಗೀಬೇಕು, ಅರ್ಧಕ್ಕೆ ಬಿಟ್ರೆ ಕೂಡಿಸಿದ ಗೆರೆ ಜನ್ಮ ಪೂರ್ತಿ ಕಾಣುತ್ತೆ. ವೈರಿಂಗ್ ಪ್ಲಂಬಿಂಗ್‌ನೋರೆಲ್ಲ ಹೊರಗೆ ಹೋದ್ಮೇಲೇ ಶುರು ಮಾಡ್ಸಿ. ಕೈ ಪಳಗಿದ ಗಾರೆಯವ್ರು ಸಿಗ್ಲಿಲ್ಲ ಅಂದ್ರೆ ಸುಮ್ನೆ ಕಡಪ ಕಲ್ಲು ಹಾಕ್ಸಿಬಿಡಿ, ಚೆನ್ನಾಗೇ ಇರುತ್ತೆ.

———

ಎಲ್ರೂ ಕಟ್ಟೋದ್ರ ಬಗ್ಗೆನೇ ಹೇಳ್ತಿದೀರ, ಕೆಡವಲೇಬೇಕಾ ಅಂತ ಯಾರೂ ಕೇಳ್ತಿಲ್ವಲ್ಲ. ಮೈಸೂರಲ್ಲಿ ನಮ್ಮ ಅತ್ತೆ ಮನೇಲೂ ಹೀಗೇ ತೇವ ಇತ್ತು, ಸುಣ್ಣದ ಗಾರೆ ಗೋಡೆ ಮೇಲೆ ಯಾವಾಗ್ಲೋ ಸಿಮೆಂಟ್ ಪ್ಲಾಸ್ಟರ್ ಹೊಡ್ದಿದ್ರು, ನೀರು ಆಚೆ ಬರೋಕೆ ದಾರಿನೇ ಇಲ್ಲ. ಅದನ್ನ ಕಿತ್ತು ತಿರ್ಗಾ ಸುಣ್ಣದ್ದೇ ಮಾಡ್ಸಿದ್ಮೇಲೆ ಒಣಗ್ತು. ಮೊದ್ಲು ಒಬ್ರು ಸ್ಟ್ರಕ್ಚರಲ್ ಇಂಜಿನಿಯರ್‌ನ, ಹಳೇ ಕಟ್ಟಡ ಗೊತ್ತಿರೋರನ್ನ, ಕರೆದು ತೊಲೆ ತುದಿ ಗೋಡೆಯೊಳಗೆ ಕೂರೋ ಕಡೆ ಗೆದ್ದಲು ಇದ್ಯಾ ನೋಡ್ಸಿ. ಹಳೇ ಕಟ್ಟಡ, ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಘಟಕದವ್ರನ್ನ ಕೇಳಿದ್ರೂ ಯಾರನ್ನ ಕರೀಬೇಕು ಅಂತ ಗೊತ್ತಾಗ್ಬೋದು. ಮುಂದಿನ ಎರಡು ರೂಮು ಜಗಲಿ ಉಳಿಸಿ ಹಿತ್ತಲ ಕಡೆ ತಮ್ಮನಿಗೆ ಹೊಸದು ಕಟ್ಬೋದಲ್ವಾ? ಸೈಟ್ ಅಳತೆ ಎಷ್ಟು ಅಂತ ಹೇಳಿ.