ಅಮ್ಮನ ಎಸ್‌ಸಿಸಿ 1.1ರಿಂದ 2.3ಕ್ಕೆ ಏರಿದೆ, ಏನರ್ಥ?

ಬದಿಯಡ್ಕದ ಮಗಳು:
ಅಮ್ಮನಿಗೆ 58. ಗರ್ಭಕೊರಳಿನ ಕ್ಯಾನ್ಸರ್, ಸ್ಕ್ವಾಮಸ್ (ಚಪ್ಪಟೆ ಕೋಶದ) ಬಗೆಯದು. ಮಂಗಳೂರಿನಲ್ಲಿ ರೇಡಿಯೇಶನ್, ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೋ ಮುಗಿದು ಒಂಬತ್ತು ತಿಂಗಳಾಯಿತು. ಮೊದಲು ಎಸ್‌ಸಿಸಿ ಆಂಟಿಜನ್ (ಈ ಬಗೆಯ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರುವ ಪ್ರೋಟೀನು) 14 ಇತ್ತು, ಚಿಕಿತ್ಸೆಯ ನಂತರ 1.1. ಮೊನ್ನೆ ಕಾಸರಗೋಡಿನಲ್ಲಿ ಮಾಡಿಸಿದರೆ 2.3, ರಿಪೋರ್ಟಿನಲ್ಲಿ ದಪ್ಪಕ್ಷರ. ಅಮ್ಮನಿಗೆ ಹೇಳಿಲ್ಲ. ಅವರು ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಾರೆ, ನಾನು ಒಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ರೋಗ ತಿರುಗಿ ಬಂತೆಂದೇ ಅರ್ಥವೇ?

ಕುಂಬಳೆಯ ನಿವೃತ್ತ ಲ್ಯಾಬ್ ಟೆಕ್ನೀಷಿಯನ್:
ತಂಗೀ, ಒಂದೇ ಅಂಕಿಯಿಂದ ಹಾಗೆ ಹೇಳಲಾಗದು. ಲ್ಯಾಬ್ ಬದಲಾಗಿದೆ, ಪರೀಕ್ಷೆಯ ಕಿಟ್ ಬೇರೆಯಾದರೆ ಅಂಕಿಯೂ ಬೇರೆ. ಹಲವು ಕಡೆ 1.5 ಮಿತಿ, ಕೆಲವು ಕಡೆ 2ಕ್ಕೂ ಮೇಲೆ. ಈ ಪ್ರೋಟೀನು ನಮ್ಮ ಚರ್ಮದಲ್ಲೂ ಎಂಜಲಲ್ಲೂ ಇರುತ್ತದೆ. ಸೋರಿಯಾಸಿಸ್, ಎಕ್ಸಿಮಾದಂಥ ಚರ್ಮರೋಗ ಇದ್ದರೆ ಏರುತ್ತದೆ. ಕಿಡ್ನಿ ಸೋತರೂ ಏರುತ್ತದೆ. ಸಿಸ್‌ಪ್ಲಾಟಿನ್ ಕಿಡ್ನಿಗೆ ಭಾರ, ಹಾಗಾಗಿ ಕಿಡ್ನಿ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮೊದಲಿನ ಲ್ಯಾಬಿನಲ್ಲೇ ಇನ್ನೊಮ್ಮೆ ಮಾಡಿಸಿ. ಸಾಲಾಗಿ ಏರುತ್ತಾ ಹೋದರೆ ಅದು ನಿಜವಾದ ಎಚ್ಚರಿಕೆ, ಸ್ಕ್ಯಾನಿನಲ್ಲಿ ಕಾಣುವ ಮೊದಲೇ ಏರುವುದೂ ಉಂಟು. ಆದ್ದರಿಂದ ಡಾಕ್ಟರಿಗೆ ಈಗಲೇ ತೋರಿಸಿ, ಕಾಯಬೇಡಿ.

ಮಂಜೇಶ್ವರದಿಂದ:
ನನ್ನ ಅತ್ತಿಗೆಗೆ ಅಂಕಿ ಸರಿಯಾಗಿಯೇ ಇತ್ತು, ಆದರೆ ಒಂದು ಕಾಲು ಬಾತಿತ್ತು. ಸ್ಕ್ಯಾನ್ ಮಾಡಿದಾಗ ಗಂಟು ಸಿಕ್ಕಿತು. ರಕ್ತಸ್ರಾವ, ಸೊಂಟನೋವು, ಕಾಲು ಊತ ಇದೆಯಾ ಎಂದು ಅಮ್ಮನನ್ನೇ ಕೇಳಿ. ಅವರಿಂದ ಮುಚ್ಚಿಡಬೇಡಿ.

ಬದಿಯಡ್ಕದ ಮಗಳು:
ಅಣ್ಣಾ, ಮಳೆಗಾಲದಿಂದ ಅಮ್ಮನ ಮೊಣಕೈಯಲ್ಲಿ ಚರ್ಮ ಪೊರೆಪೊರೆಯಾಗಿ ಏಳುತ್ತಿದೆ! ಅದನ್ನು ಯಾರಿಗೂ ತೋರಿಸಿರಲಿಲ್ಲ. ಈಗಷ್ಟೇ ಹೋಗಿ ಎಲ್ಲ ಹೇಳಿದೆ. ಊತ ಇಲ್ಲವಂತೆ, ಸೊಂಟ ಸ್ವಲ್ಪ ನೋಯುತ್ತದಂತೆ. ನಾಳೆ ಬೆಳಗ್ಗಿನ ರೈಲಿಗೆ ಇಬ್ಬರೂ ಮಂಗಳೂರಿಗೆ ಹೊರಡುತ್ತೇವೆ, ಹಳೆಯ ರಿಪೋರ್ಟೆಲ್ಲ ಚೀಲಕ್ಕೆ ಹಾಕಿದ್ದೇನೆ.