ಸರ್ಜರಿ ಪಿಜಿಯಲ್ಲಿ ಕೇಸ್ ಹಂಚಿಕೆಯ ತಾರತಮ್ಯ: ಯಾರಿಗೆ, ಹೇಗೆ ದೂರು ಕೊಡಬೇಕು?

ಹೇಮಾವತಿ_ದಂಡೆ (ಹಾಸನ) ಕೇಳಿದ್ದು:

ತಂಗಿ ಎಂ.ಎಸ್. ಜನರಲ್ ಸರ್ಜರಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ ಕೋರ್ಸ್, ಪಿಜಿ) ಎರಡನೇ ವರ್ಷದಲ್ಲಿದ್ದಾಳೆ. ಸರ್ಕಾರಿ ಕಾಲೇಜು, ಹೆಸರು ಇಲ್ಲಿ ಬೇಡ. ಯೂನಿಟ್‌ನಲ್ಲಿ (ಒಬ್ಬ ಚೀಫ್ ಕೈಕೆಳಗಿನ ಡಾಕ್ಟರ್‌ಗಳ ತಂಡ) ಅವಳೊಬ್ಬಳೇ ಹುಡುಗಿ. ಓಟಿ (ಆಪರೇಷನ್ ಥಿಯೇಟರ್) ದಿನ ಹರ್ನಿಯಾ, ಅಪೆಂಡಿಕ್ಸ್ ಎಲ್ಲ ಜೊತೆಯ ಹುಡುಗರಿಗೆ. ಇವಳಿಗೆ ಡ್ರೆಸ್ಸಿಂಗ್, ಡಿಸ್ಚಾರ್ಜ್ ಸಮ್ಮರಿ, ರಕ್ತ ತರಿಸುವುದು, ಆಯುಷ್ಮಾನ್ ಪೇಪರ್. "ಮದುವೆಯಾಗಿ ಹೋಗೋಳಿಗೆ ಲ್ಯಾಪ್ ಯಾಕೆ" ಅಂತ ಚೀಫ್ ಅಂದಿದ್ದಾರೆ (ಲ್ಯಾಪ್ ಅಂದರೆ ಲ್ಯಾಪರೊಸ್ಕೋಪಿ, ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್). ನಾವು ಎಸ್‌ಸಿ; "ಕೋಟಾ ಸೀಟು" ಅಂತ ಸೀನಿಯರ್ ಪಿಜಿ ಒಬ್ಬರು ಎಲ್ಲರೆದುರು ಆಡಿದ್ದಾರೆ. ಥೀಸಿಸ್ ಗೈಡ್ ಕೂಡ ಅದೇ ಚೀಫ್. ದೂರು ಕೊಡುವುದಾದರೆ ಎಲ್ಲಿಂದ ಶುರು ಮಾಡಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಎರಡನೇ_ಟೇಬಲ್ ಉತ್ತರ:

ಮೊದಲು ಲಾಗ್‌ಬುಕ್ (ಪಿಜಿ ತಾನು ನೋಡಿದ, ಮಾಡಿದ ಕೇಸ್ ಬರೆದಿಡುವ ಪುಸ್ತಕ) ಸರಿಮಾಡಿಕೊಳ್ಳಲಿ. ಸರ್ಜರಿಯಲ್ಲಿ ತಾರತಮ್ಯ ಮಾತಿಗಿಂತ ಹೆಚ್ಚಾಗಿ ಬ್ಲೇಡ್ ಯಾರ ಕೈಗೆ ಹೋಗುತ್ತದೆ ಅನ್ನುವುದರಲ್ಲಿ ಇರುತ್ತದೆ. ಮಾತನ್ನು "ತಮಾಷೆಗೆ ಅಂದೆ" ಅಂತ ತಳ್ಳಿಹಾಕುತ್ತಾರೆ. ಲೆಕ್ಕವನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ.

ಪ್ರತಿ ಕೇಸಿಗೂ ದಿನಾಂಕ, ಐಪಿ ನಂಬರ್ (ಒಳರೋಗಿ ಸಂಖ್ಯೆ), ಆಪರೇಷನ್ ಹೆಸರು, ತನ್ನ ಪಾತ್ರ ಬರೆಯಬೇಕು. ಓ ಅಂದರೆ ವಾಷ್ ಆಗಿ (ಆಪರೇಷನ್‌ಗೆ ಕೈ ತೊಳೆದು ನಿಂತು) ನೋಡಿದ್ದು, ಎ ಅಂದರೆ ಅಸಿಸ್ಟ್, ಪಿಎ ಅಂದರೆ ಹಿರಿಯರು ಎದುರಿಗಿದ್ದು ತಾನು ಮಾಡಿದ್ದು, ಪಿಐ ಅಂದರೆ ಸ್ವತಂತ್ರವಾಗಿ ಮಾಡಿದ್ದು. ಇಲ್ಲಿ ಎರಡು ಕಡೆ ಕೆಡುತ್ತದೆ. ತಿಂಗಳ ಕೊನೆಗೆ ಕೂತು ನೆನಪಿನಿಂದ ತುಂಬಿಸುವುದು ಒಂದು. ಸಂಖ್ಯೆ ಕಡಿಮೆ ಕಾಣಬಾರದೆಂದು ಎ ಆಗಿದ್ದನ್ನು ಪಿಎ ಅಂತ ಬರೆಯುವುದು ಇನ್ನೊಂದು. ಹೀಗೆ ಬರೆದರೆ ದೂರಿಗೆ ಬೇಕಾದ ಸಾಕ್ಷಿಯನ್ನು ತಾನೇ ಅಳಿಸಿದಂತೆ. ನಾಳೆ ವಿಚಾರಣೆಯಲ್ಲಿ "ಅವಳಿಗೂ ಇಷ್ಟು ಕೇಸ್ ಕೊಟ್ಟಿದ್ದೇವಲ್ಲ" ಅಂತ ಅದೇ ಲಾಗ್‌ಬುಕ್ ತೋರಿಸುತ್ತಾರೆ.

ಇದಲ್ಲದೆ ಬೇರೆ ನೋಟ್‌ಬುಕ್ಕಿನಲ್ಲಿ ಮೂರು ತಿಂಗಳ ಲೆಕ್ಕ ಇಡಲಿ. ಯೂನಿಟ್‌ನ ಎಲೆಕ್ಟಿವ್ (ಮೊದಲೇ ದಿನ ಗೊತ್ತುಮಾಡಿದ ಆಪರೇಷನ್) ಲಿಸ್ಟ್‌ನಲ್ಲಿ ಎರಡನೇ ವರ್ಷದವರು ಮಾಡಬಹುದಾದ ಕೇಸ್ ಒಟ್ಟು ಎಷ್ಟು, ಯಾರಿಗೆ ಎಷ್ಟು ಪಿಎ ಸಿಕ್ಕಿತು. ಹೋಲಿಕೆ ಅದೇ ವರ್ಷದವರ ಜೊತೆ ಮಾತ್ರ ಇರಲಿ. ಎಮರ್ಜೆನ್ಸಿಯನ್ನು ಇದಕ್ಕೆ ಸೇರಿಸಬೇಡಿ, ಅದು ಯಾರ ಡ್ಯೂಟಿ ದಿನ ಏನು ಬಂತು ಅನ್ನುವುದರ ಮೇಲೆ ಹೋಗುತ್ತದೆ. ಓಟಿ ದಿನ ತನ್ನನ್ನು ವಾರ್ಡಿಗೆ ಕಳಿಸಿದ ಸಮಯ, ಕಳಿಸಿದವರು, ಕೆಲಸ ಏನು ಅನ್ನುವುದನ್ನೂ ಬರೆಯಲಿ. ಸಾಮಾನ್ಯವಾಗಿ ಬರುವ ಸಮಜಾಯಿಷಿ "ಅವಳು ಓಟಿಗೇ ಬರಲ್ಲ" ಅನ್ನುವುದು. ಬರದಂತೆ ಮಾಡಿದ್ದು ಯಾರು ಅನ್ನುವುದಕ್ಕೆ ಈ ಸಾಲುಗಳೇ ಉತ್ತರ. ರೋಗಿಯ ಹೆಸರು ಇರುವ ಲಿಸ್ಟ್‌ನ ಫೋಟೋ ಮಾತ್ರ ತೆಗೆಯಬಾರದು, ಅದನ್ನೇ ಹಿಡಿದು ಎದುರು ನೋಟಿಸ್ ಕೊಡುತ್ತಾರೆ.

ಕೇಸ್ ಕೇಳುವ ಕ್ರಮವೂ ಮುಖ್ಯ. "ನನಗೂ ಕೇಸ್ ಕೊಡಿ ಸರ್" ಅಂದರೆ "ನೋಡೋಣ" ಅನ್ನುವುದು ಸುಲಭ. ಹಿಂದಿನ ಸಂಜೆ ಲಿಸ್ಟ್ ಬಂದಾಗ, ತಾನೇ ವರ್ಕಪ್ (ಆಪರೇಷನ್‌ಗೆ ಮೊದಲಿನ ತಪಾಸಣೆ) ಮಾಡಿದ ಕೇಸಿನಲ್ಲಿ ಹಂತ ಹೆಸರಿಸಿ ಕೇಳಬೇಕು. ಲಿಕ್ಟೆನ್‌ಸ್ಟೈನ್ ಹರ್ನಿಯಾವನ್ನೇ (ಮೆಶ್ ಅಂದರೆ ಜಾಲರಿ ಹಾಕಿ ಮಾಡುವ ಆಪರೇಷನ್) ತೆಗೆದುಕೊಳ್ಳಿ: ಎಕ್ಸ್‌ಟರ್ನಲ್ ಆಬ್ಲಿಕ್ ತೆರೆಯುವುದು, ಇಲಿಯೋಇಂಗ್ವಿನಲ್ ನರ ಗುರುತಿಸಿ ಕಾಪಾಡುವುದು, ಕಾರ್ಡ್ (ವೃಷಣಕ್ಕೆ ಹೋಗುವ ನಾಳಗಳ ಕಟ್ಟು) ಎತ್ತುವುದು, ಸ್ಯಾಕ್ (ಹರ್ನಿಯಾ ಚೀಲ) ಬಿಡಿಸುವುದು, ಪ್ಯೂಬಿಕ್ ಟ್ಯೂಬರ್ಕಲ್‌ನಿಂದ ಶುರುಮಾಡಿ ಮೆಶ್ ಹೊಲಿಯುವುದು. "ನಾಳೆ ಎರಡನೇ ಕೇಸಿನಲ್ಲಿ ಕಾರ್ಡ್ ಎತ್ತುವವರೆಗೆ ನಾನು ಮಾಡಬಹುದೇ ಸರ್" ಅಂತ ವಾಟ್ಸಾಪ್‌ನಲ್ಲಿ ಕೇಳಿದರೆ ಒಪ್ಪಿದ್ದೂ ದಾಖಲೆ, ಬೇಡವೆಂದದ್ದೂ ದಾಖಲೆ. ಒಳ್ಳೆಯ ಚೀಫ್ ಆದರೆ ಇಷ್ಟಕ್ಕೇ ಅರ್ಧ ಸರಿಹೋಗುತ್ತದೆ.

ಗ್ಲೌಸ್ ವಿಷಯವನ್ನೂ ಹೇಳಲೇಬೇಕು. ಹೆಣ್ಣುಮಕ್ಕಳಲ್ಲಿ ತುಂಬಾ ಜನಕ್ಕೆ 6 ಅಥವಾ 6.5 ಬೇಕು, ಓಟಿಯಲ್ಲಿ ಇರುವುದು 7, 7.5. ಬೆರಳ ತುದಿ ಸಡಿಲ ಇದ್ದರೆ ದಾರ ಜಾರುತ್ತದೆ, ಗಂಟು ಬಿಗಿಯಾಗುವುದಿಲ್ಲ; ಆಮೇಲೆ "ಇವಳ ಕೈ ಓಡಲ್ಲ" ಅನ್ನುತ್ತಾರೆ. ಓಟಿ ಇನ್‌ಚಾರ್ಜ್ ಸಿಸ್ಟರ್‌ಗೆ ಬರವಣಿಗೆಯಲ್ಲಿ ಇಂಡೆಂಟ್ (ಸಾಮಾನು ಬೇಡಿಕೆ) ಕೊಡಿಸಲಿ. ಲ್ಯಾಪ್‌ನಲ್ಲಿ ಟೇಬಲ್ಲನ್ನು ಎತ್ತರದವರಿಗೆ ಏರಿಸಿಟ್ಟಿದ್ದರೆ ಫುಟ್‌ಸ್ಟೆಪ್ ಕೇಳಲಿ. ಇನ್‌ಸ್ಟ್ರುಮೆಂಟ್ ಹಿಡಿ ಮೊಣಕೈ ಮಟ್ಟಕ್ಕೆ ಬರಬೇಕು, ಇಲ್ಲದಿದ್ದರೆ ಭುಜ ಎತ್ತಿ ಹಿಡಿದೇ ಕೈ ನಡುಗುತ್ತದೆ.

ಕಡೂರು_ವಕೀಲ ಉತ್ತರ:

ಒಂದೇ ಅರ್ಜಿಯಲ್ಲಿ ಎಲ್ಲ ತುಂಬಬೇಡಿ. ನೀವು ಹೇಳಿದ್ದರಲ್ಲಿ ಮೂರು ಬೇರೆ ವಿಷಯಗಳಿವೆ, ಮೂರಕ್ಕೂ ಬೇರೆ ಬಾಗಿಲು. ಬೆರೆಸಿ ಬರೆದರೆ ಪ್ರತಿ ಸಮಿತಿಯೂ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಇನ್ನೊಂದು ಕಡೆಗೆ ಕೈತೋರಿಸುತ್ತದೆ.

ಸೀನಿಯರ್ ಪಿಜಿ ಆಡಿದ ಜಾತಿ ಮಾತು ರ‍್ಯಾಗಿಂಗ್. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ಬಂದ ತಿದ್ದುಪಡಿ ಜಾತಿ, ಲಿಂಗ, ಭಾಷೆ, ಊರು ಇವುಗಳ ನೆಪದಲ್ಲಿ ವಿದ್ಯಾರ್ಥಿಯನ್ನು ಹೀಯಾಳಿಸುವುದು, ಹೊರಗಿಡುವುದು ಎರಡನ್ನೂ ಸೇರಿಸಿದೆ. ವೈದ್ಯಕೀಯ ಕಾಲೇಜುಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ರ‍್ಯಾಗಿಂಗ್ ತಡೆ ನಿಯಮಗಳೂ ಇವೆ. ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಇರುತ್ತದೆ. ಕ್ರಿಮಿನಲ್ ಅಪರಾಧ ಕಂಡುಬಂದರೆ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಹಾಕಿಸಬೇಕು.

ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್), 3(1)(ಎಸ್) ಸೆಕ್ಷನ್‌ಗಳು (ಎಲ್ಲರೆದುರು ಅವಮಾನಿಸುವುದು, ಜಾತಿ ಹೆಸರಿನಲ್ಲಿ ಬೈಯುವುದು) ಬೇರೆ. ಅಲ್ಲಿ ಅವಮಾನ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತಿಗೆ ಇದು ಅನ್ವಯಿಸದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದ್ದರಿಂದ ಆಗ ಅಲ್ಲಿ ಯಾವ ಸಿಸ್ಟರ್, ಯಾವ ಇಂಟರ್ನ್, ಯಾವ ಅಟೆಂಡರ್ ಇದ್ದರು ಅಂತ ಅವತ್ತೇ ಬರೆದಿಡಬೇಕು, ಆಡಿದ ಮಾತು ಆಡಿದ ಹಾಗೆಯೇ ಇರಬೇಕು. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಜೀವ ಕಳೆದುಕೊಂಡ ಸ್ತ್ರೀರೋಗ ವಿಭಾಗದ ಪಿಜಿ ಡಾ. ಪಾಯಲ್ ತಡ್ವಿ ಪ್ರಕರಣದಲ್ಲೂ ಜಾತಿ ನಿಂದನೆಯ ಆರೋಪದ ಜೊತೆಗೇ ಆಪರೇಷನ್‌ನಿಂದ ದೂರ ಇಟ್ಟರೆಂಬ ಆರೋಪವೂ ಇತ್ತು. ಇವೆರಡು ಜೊತೆಯಾಗಿ ಬಂದಾಗ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಚೀಫ್ ಆಡಿದ ಮದುವೆಯ ಮಾತು ತಾರತಮ್ಯವೇ. ಆದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಅದೊಂದೇ ನಿಲ್ಲುವುದು ಕಷ್ಟ, ಅಲ್ಲಿ ಲೈಂಗಿಕ ಸ್ವರೂಪದ ನಡತೆ ಬೇಕು. ಅಂಥದ್ದೇನಾದರೂ ಇದ್ದರೆ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ, ಆರು ಪ್ರತಿಗಳಲ್ಲಿ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಆ ಅವಧಿಯಲ್ಲಿ ದೂರುದಾರಳ ಕೆಲಸದ ಮೌಲ್ಯಮಾಪನವನ್ನು ಆ ವ್ಯಕ್ತಿಯಿಂದ ತೆಗೆದು ಬೇರೆಯವರಿಗೆ ಕೊಡಿಸುವ ಅವಕಾಶ ನಿಯಮದಲ್ಲೇ ಇದೆ. ಬರವಣಿಗೆಯಲ್ಲಿ ಕೇಳಿದರೆ ಮಾತ್ರ ಸಿಗುತ್ತದೆ.

ಉಳಿದದ್ದು ಕೇಸ್ ಹಂಚಿಕೆ. ಇದು ಮೊದಲು ವಿಭಾಗದ ಮುಖ್ಯಸ್ಥರಿಗೆ, ಆಮೇಲೆ ಡೀನ್‌ಗೆ, ಅಲ್ಲೂ ಆಗದಿದ್ದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಮೇಲಿನವರು ಹೇಳಿದ ಲೆಕ್ಕದ ಹಾಳೆ ಇದಕ್ಕೇ ಬೇಕಾಗುವುದು. ಒಂದು ಪುಟ ಸಾಕು. ಸ್ವೀಕೃತಿ ಸೀಲ್ ಇಲ್ಲದೆ ಯಾವ ಅರ್ಜಿಯನ್ನೂ ಬಿಟ್ಟುಬರಬೇಡಿ.

ವಾರ್ಡ್_ರೌಂಡ್ಸ್ ಉತ್ತರ:

ಎಲ್ಲ ತಾರತಮ್ಯವೂ ಚೀಫ್‌ನಿಂದಲೇ ಬರುವುದಿಲ್ಲ. ಅಮೆರಿಕದಲ್ಲಿ 7,409 ಸರ್ಜರಿ ರೆಸಿಡೆಂಟ್‌ಗಳನ್ನು ಕೇಳಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಹಿಳೆಯರಲ್ಲಿ 65.1% ಮಂದಿ ಲಿಂಗ ತಾರತಮ್ಯ ಅನುಭವಿಸಿದ್ದರು. ಅದು ಹೆಚ್ಚಾಗಿ ಬಂದದ್ದು ರೋಗಿಗಳು ಮತ್ತು ಅವರ ಮನೆಯವರಿಂದ. ಬೈಗುಳ, ಲೈಂಗಿಕ ಕಿರುಕುಳ ಹೆಚ್ಚಾಗಿ ಬಂದದ್ದು ಹಿರಿಯ ಸರ್ಜನ್‌ಗಳಿಂದ. ನಮ್ಮ ಕಡೆಯೂ ಅರಕಲಗೂಡಿನಿಂದಲೋ ಬೇಲೂರಿನಿಂದಲೋ ಬಂದ ರೋಗಿಯ ಕಡೆಯವರು ಹುಡುಗಿ ಕೇಸ್ ವಿವರಿಸಿ ಸಹಿ ಮಾಡಿಸಿಕೊಂಡ ಮೇಲೆ "ಡಾಕ್ಟ್ರು ಯಾವಾಗ ಬರ್ತಾರೆ ಸಿಸ್ಟರ್" ಅಂತಾರೆ. ಯೂನಿಟ್ ಚೀಫ್ ರೌಂಡ್ಸ್‌ನಲ್ಲಿ ಮೊದಲೇ "ಇವರು ನಿಮ್ಮ ಸರ್ಜರಿ ಡಾಕ್ಟರ್, ಏನೇ ಇದ್ದರೂ ಇವರನ್ನೇ ಕೇಳಿ" ಅಂದುಬಿಟ್ಟರೆ ಇದು ಅಲ್ಲಿಗೇ ನಿಲ್ಲುತ್ತದೆ. ಡೀನ್‌ಗೆ ಕೊಡುವ ಅರ್ಜಿಯಲ್ಲಿ ಇದನ್ನೂ ಒಂದು ಬೇಡಿಕೆಯಾಗಿ ಸೇರಿಸಿ.

ಹೇಮಾವತಿ_ದಂಡೆ:

ಎಲ್ಲರಿಗೂ ಧನ್ಯವಾದ. ಇನ್ನೂ ಮೂರು ಕೇಳಬೇಕಿತ್ತು. ಹುಡುಗರ ಕೇಸ್ ಲೆಕ್ಕ ಅವಳಿಗೆ ಕೊಡದಿದ್ದರೆ? ಕೇಳಿದ್ದಕ್ಕೆ ಪನಿಷ್ಮೆಂಟ್ ಡ್ಯೂಟಿ ಹಾಕಿದರೆ? ಗೈಡ್ ಬದಲಿಸಬಹುದೇ?

ಕಡೂರು_ವಕೀಲ:

ಲೆಕ್ಕಕ್ಕೆ ಆರ್‌ಟಿಐ ಹಾಕಿ, ನೀವೇ ಹಾಸನದಿಂದ ಹಾಕಬಹುದು, ತಂಗಿಯ ಹೆಸರು ಬರುವುದಿಲ್ಲ. ಶುಲ್ಕ ₹10, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. "ಯಾರಿಗೆ ಎಷ್ಟು ಕೇಸ್ ಕೊಟ್ಟಿರಿ" ಅಂತ ಕೇಳಿದರೆ ಕ್ರೋಡೀಕರಿಸಿ ಕೊಡಲಾಗದು ಅಂತ ಹಿಂಬರಹ ಬರುತ್ತದೆ. ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ಓಟಿ ರಿಜಿಸ್ಟರ್ ಪ್ರತಿ, ರೋಗಿಯ ವಿವರ ಮುಚ್ಚಿ, ಅಂತ ಕೇಳಿ.

ಎರಡನೇ_ಟೇಬಲ್:

ಡ್ಯೂಟಿಗೆ: ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಗಳು "ಸಮಂಜಸ" ಕೆಲಸದ ಅವಧಿ, ವಿಶ್ರಾಂತಿ, ತುರ್ತು ಇಲ್ಲದಿದ್ದರೆ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಿಎಲ್ ಅನ್ನುತ್ತವೆ. ಗಂಟೆಯ ಲೆಕ್ಕ ಆಯೋಗದ ಕಾರ್ಯಪಡೆಯ 2024ರ ವರದಿಯಲ್ಲಿದೆ, ವಾರಕ್ಕೆ 74 ಗಂಟೆ. ಅದು ಶಿಫಾರಸು ಮಾತ್ರ. ಅರ್ಜಿ ಕೊಡುವ ಮೊದಲಿನ ಎರಡು ತಿಂಗಳ ರೋಸ್ಟರ್ (ಡ್ಯೂಟಿ ಪಟ್ಟಿ) ಇಟ್ಟುಕೊಂಡಿದ್ದರೆ ಆಮೇಲೆ ಏನು ಬದಲಾಯಿತು ಅನ್ನುವುದು ತಾನಾಗಿ ಕಾಣುತ್ತದೆ. ನಿದ್ದೆಗೆಟ್ಟು ಮನಸ್ಸು ಕುಗ್ಗುತ್ತಿದ್ದರೆ ಟೆಲಿಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416ಕ್ಕೆ ಕರೆ ಮಾಡಲಿ, ಕನ್ನಡದಲ್ಲೇ ಮಾತಾಡಬಹುದು.

ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ (ಪಿಜಿಗಳು ಹೊರಗಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅವಧಿ) ಮೂರರಿಂದ ಐದನೇ ಸೆಮಿಸ್ಟರ್ ನಡುವೆ ಬರುತ್ತದೆ. ಮೂಡಿಗೆರೆ, ಸಕಲೇಶಪುರದಂಥ ಕಡೆ ಬಿದ್ದರೆ ಬಿಡಬೇಡಿ. ಹೈಡ್ರೋಸೀಲ್, ಹರ್ನಿಯಾ, ಮರಗಸಿ (ತೋಟದ ಮರದ ಕೊಂಬೆ ಕಡಿಯುವುದು) ಮಾಡುವಾಗ ಬಿದ್ದವರು, ಘಾಟಿಯ ಅಪಘಾತ ಎಲ್ಲ ಅಲ್ಲಿಗೇ ಬರುತ್ತವೆ, ಕೆಲಸ ಮಾಡಿಸುವವರು ಬೇರೆ ಯೂನಿಟ್‌ನವರು.

ಗೈಡ್ ಬದಲಾವಣೆಗೆ ವಿಶ್ವವಿದ್ಯಾಲಯದ ಪೂರ್ವಾನುಮತಿ ಬೇಕು, ಕಾಲೇಜಿನ ಮೂಲಕವೇ ಹೋಗಬೇಕು. ವಿಷಯ ಅದೇ ಉಳಿಸಿಕೊಂಡು ಗೈಡ್ ಮಾತ್ರ ಬದಲಿಸಲು ಕೇಳಲಿ. ವಿಷಯ ಬದಲಾದರೆ ಎಥಿಕ್ಸ್ ಕಮಿಟಿಯಿಂದ ಹಿಡಿದು ಎಲ್ಲ ಮತ್ತೆ ಮೊದಲಿನಿಂದ ಆಗಬೇಕು, ಎರಡನೇ ವರ್ಷದಲ್ಲಿ ಅಷ್ಟು ಸಮಯ ಇರುವುದಿಲ್ಲ. ಸಿನಾಪ್ಸಿಸ್ (ಥೀಸಿಸ್ ಯೋಜನೆಯ ಸಾರಾಂಶ), ಎಥಿಕ್ಸ್ ಪತ್ರ, ಮಾಸ್ಟರ್ ಚಾರ್ಟ್ (ಥೀಸಿಸ್ ರೋಗಿಗಳ ಮಾಹಿತಿ ಪಟ್ಟಿ) ಮೂರರ ಪ್ರತಿಯೂ ಇವತ್ತೇ ಅವಳ ಕೈಯಲ್ಲಿರಲಿ, ವಿಭಾಗದ ಕಂಪ್ಯೂಟರಿನಲ್ಲಿ ಮಾತ್ರ ಬೇಡ.